ಅಕ್ವೇರಿಯಂಗೆ ನಿಜವಾದ ಗಿಡವೋ, ಪ್ಲಾಸ್ಟಿಕ್ಕೋ?

ಜಲ್ಲಿ ತೊಳೆದಿದ್ದು, ನೀರು ತುಂಬಿದ್ದು ನೋಡ್ತಾನೇ ಇದ್ದೀರಿ, ಅದನ್ನ ಬಿಡಿ. ಎಡಗಡೆ ಬಕೆಟ್ಟಲ್ಲಿ ನಿಜವಾದ ಗಿಡಗಳು, ಬಲಗಡೆ ಟ್ರೇಯಲ್ಲಿ ಪ್ಲಾಸ್ಟಿಕ್ಕು, ಬಟ್ಟೆಯವು. ಈ ಟ್ಯಾಂಕಿಗೆ ಬರೋದು ಬೆಟ್ಟಾ. ಉದ್ದ ರೆಕ್ಕೆಯ ಮೀನು, ನೆನಪಿರಲಿ.

ಇದು ತೆಳ್ಳಗಿನ ನೈಲಾನ್ ಕಾಲುಚೀಲ. ಪ್ಲಾಸ್ಟಿಕ್ ಎಲೆ ಮೇಲೆ ಹೀಗೆ ಎಳೆದರೆ... ಹಾಂ, ಸಿಕ್ಕಿಹಾಕ್ಕೊಳ್ತು. ನೂಲು ಕಿತ್ತು ಬಂತು ನೋಡಿ. ಬೆಟ್ಟಾದ ರೆಕ್ಕೆಗೂ ಇದೇ ಗತಿ. ಇದು ಕಸಕ್ಕೆ. ಬಟ್ಟೆ ಎಲೆ ಸಲೀಸಾಗಿ ಜಾರಿತು, ಪಾಸ್. ಬುಡದಲ್ಲಿ ತಂತಿ ಇಣುಕ್ತಾ ಇದ್ದರೆ ಅದೂ ಬೇಡ, ತುಕ್ಕು ಹಿಡಿಯುತ್ತೆ.

ಪ್ಲಾಸ್ಟಿಕ್ ಗಿಡಕ್ಕೆ ಮೇಂಟೆನೆನ್ಸೇ ಇಲ್ಲ ಅನ್ನೋದು ಶುದ್ಧ ಸುಳ್ಳು. ನಿಜವಾದ ಗಿಡ ಮೀನಿನ ಗಲೀಜಿಂದ ಬರೋ ಅಮೋನಿಯಾ, ನೈಟ್ರೇಟ್ ಹೀರ್ಕೊಳ್ಳುತ್ತೆ, ಇದು ಹೀರಲ್ಲ. ಪಾಚಿ ಬಂದು ಇದರ ಮೇಲೇ ಕೂರುತ್ತೆ. ಪರಿಮಳ, ಸೋಪು ಏನೂ ಸೇರಿಸದ ಸಾದಾ ಬ್ಲೀಚ್ 1 ಭಾಗ, ನೀರು 20 ಭಾಗ, 15 ನಿಮಿಷ ನೆನೆಸಿ. ತೊಳೆದು, ಡೀಕ್ಲೋರಿನೇಟರ್ (ಕ್ಲೋರಿನ್ ತೆಗೆಯೋ ದ್ರಾವಣ) ಹಾಕಿದ ನೀರಲ್ಲಿ ಇನ್ನೊಂದು ಸಲ ಅದ್ದಿ. ಮೂಗಿಗೆ ಬ್ಲೀಚ್ ವಾಸನೆ ಇನ್ನೂ ಬರ್ತಿದ್ರೆ ಟ್ಯಾಂಕಿಗೆ ಇಳಿಸಬೇಡಿ.

ಈಗ ಬಕೆಟ್. ಅಯ್ಯೋ, ಇದನ್ನ ಕ್ಯಾಮೆರಾ ಹತ್ತಿರ ತರಲೇಬೇಕು. ಜಾವಾ ಫರ್ನ್, ಜಲ್ಲಿಯೊಳಗೆ ಹೂತಿಟ್ಟಿದ್ದು. ಎಲೆಗೂ ಬೇರಿಗೂ ನಡುವೆ ಶುಂಠಿ ತರ ಅಡ್ಡ ಮಲಗಿದೆಯಲ್ಲ, ಅದು ರೈಜೋಮ್. ಹಸಿರಾಗಿ, ಗಟ್ಟಿಯಾಗಿರಬೇಕು. ಇದು ಬೆರಳಿಟ್ಟರೆ ಕೊಳೆತ ಬಾಳೆಹಣ್ಣಿನ ಹಾಗೆ ಅಮುಕಿ ಹೋಗ್ತಿದೆ. ವಾಸನೆ ವಿಡಿಯೋದಲ್ಲಿ ಬರಲ್ಲ, ಪುಣ್ಯ ನಿಮ್ಮದು. ಈ ಗಿಡ ಮೂಲತಃ ಹಳ್ಳದ ಬಂಡೆ, ಮರದ ಬೇರು ಅಪ್ಕೊಂಡು ಬೆಳೆಯೋದು. ರೈಜೋಮಿಗೆ ಹರಿಯೋ ನೀರು ತಾಗ್ತಿರಬೇಕು, ಹೂತರೆ ಉಸಿರುಕಟ್ಟಿ ಕೊಳೆಯುತ್ತೆ. ಸಿಟ್ಟು ಬರೋದು ಎಲ್ಲಿ ಅಂದ್ರೆ, ಮಾರುವಾಗಲೇ ಪುಟ್ಟ ಕುಂಡದಲ್ಲಿ ಕತ್ತಿನ ತನಕ ರಾಕ್‌ವುಲ್, ಅಂದ್ರೆ ಹತ್ತಿಯಂಥ ಕಲ್ಲುನಾರು, ತುರುಕಿ ಕೊಡ್ತಾರೆ. ಅದನ್ನ ನೋಡಿದವರು ಇನ್ನೇನು ಮಾಡ್ತಾರೆ, ಹಾಗೇ ಹೂಳ್ತಾರೆ. ಆಮೇಲೆ ‘ಲೈಟ್ ಸಾಲದು’ ಅಂತ ಲೈಟ್ ಜಾಸ್ತಿ ಮಾಡ್ತಾರೆ, ಪಾಚಿ ಬರುತ್ತೆ, ಕೊನೆಗೆ ಗಿಡದ ಸಹವಾಸವೇ ಬೇಡ ಅಂತ ಪ್ಲಾಸ್ಟಿಕ್ ತರ್ತಾರೆ.

ಬ್ಲೇಡ್ ತಗೊಂಡು ಗಟ್ಟಿ ಹಸಿರು ಸಿಗೋ ತನಕ ಕತ್ತರಿಸಿ. ಮೂರ್ನಾಲ್ಕು ಎಲೆ ಇರೋ ತುಂಡು ಉಳಿದರೂ ಸಾಕು, ಬದುಕುತ್ತೆ. ಕಲ್ಲಿನ ಮೇಲೆ ಸಯನೋಅಕ್ರಿಲೇಟ್ ಗಮ್ (ಸೂಪರ್ ಗ್ಲೂ) ಒಂದು ಹನಿ, ಜೆಲ್ ಥರದ್ದೇ ಬೇಕು, ನೀರಿನಂಥದ್ದು ಹರಿದುಹೋಗುತ್ತೆ. ಒತ್ತಿ ಹಿಡಿದು ಇಪ್ಪತ್ತು ಎಣಿಸಿ. ನೀರಿಗಿಳಿದ ಮೇಲೆ ಗಮ್ ಬೆಳ್ಳಗಾಗುತ್ತೆ, ಗಾಬರಿ ಬೇಡ. ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟಿದರೂ ನಡೆಯುತ್ತೆ. ಅನುಬಿಯಾಸ್ ಅನ್ನೋ ಗಿಡಕ್ಕೂ ರೈಜೋಮ್ ಇದೆ, ಅದಕ್ಕೂ ಇದೇ ಕ್ರಮ. ಹಾಂ, ಫರ್ನ್ ಎಲೆ ಅಡಿ ಸಾಲಾಗಿ ಕಂದು ಚುಕ್ಕೆ ಕಂಡ್ರೆ ರೋಗ ಅಂತ ಕಿತ್ತೆಸೀಬೇಡಿ, ಬೀಜಾಣುಗಳು ಅವು.

ರಿಬ್ಬನ್ ತರ ಎಲೆಯ ವಾಲಿಸ್ನೇರಿಯಾನ ಜಲ್ಲಿಯಲ್ಲೇ ನೆಡಬೇಕು: ಬೇರು ಒಳಗೆ, ಬಿಳಿ ಬುಡ ಜಲ್ಲಿಯ ಮೇಲೆ. ಕ್ರಿಪ್ಟೋಕೊರೈನ್ ಅನ್ನೋದೂ ನೆಡೋ ಗಿಡವೇ, ಜಾಗ ಬದಲಾಯ್ತು ಅಂದ್ರೆ ಎಲೆಯೆಲ್ಲ ಲೋಳೆಯಾಗಿ ಕರಗುತ್ತೆ. ಬೇರು ಕೀಳಬೇಡಿ, ಕೆಲವು ವಾರದಲ್ಲಿ ಮತ್ತೆ ಚಿಗುರುತ್ತೆ. ಲೈಟ್ ದಿನಕ್ಕೆ 6ರಿಂದ 8 ಗಂಟೆ, ಟೈಮರ್ ಹಾಕಿ. ಗಿಡದ ಜೊತೆ ಬಸವನಹುಳು ಬರುತ್ತೆ, ಎಲೆಗೆ ಅಂಟಿದ ಲೋಳೆ ಮೊಟ್ಟೆ ಉಜ್ಜಿ ತೆಗೀರಿ. ಆದ್ರೂ ಅದು ಹೆಚ್ಚೋದು ಮೀನಿಗೆ ಊಟ ಜಾಸ್ತಿ ಹಾಕಿದಾಗ. ಊಟದ ವಿಷಯ ಶುರು ಮಾಡಿದ್ರೆ ಮುಗಿಯಲ್ಲ, ಬಿಡಿ.

ಪ್ಲಾಸ್ಟಿಕ್ಕಿಗೆ ಇಷ್ಟು ಬೈದೆ. ಗೋಲ್ಡ್‌ಫಿಶ್ ಸಾಕೋರಿಗೆ ಆ ಮಾತು ವಾಪಸ್. ಅವು ಮೆತ್ತಗಿನ ಗಿಡ ಮೇಯ್ತವೆ, ನೆಟ್ಟಿದ್ದನ್ನ ಕೀಳ್ತವೆ. ಕಲ್ಲಿಗೆ ಅಂಟಿಸಿದ ಅನುಬಿಯಾಸ್ ಉಳಿದರೆ ಉಳೀತು, ಇಲ್ಲಾಂದ್ರೆ ಬಟ್ಟೆ ಗಿಡವೇ ವಾಸಿ. ಕಾಯಿಲೆ ಮೀನನ್ನ ಬೇರೆ ಇಡೋ ಟ್ಯಾಂಕಿಗೂ ಅದೇ ಸರಿ, ತಾಮ್ರದ ಔಷಧಿ ಹಾಕಿದರೂ ಸಾಯಲ್ಲವಲ್ಲ.

ಇಲ್ಲಿ ಮುಂದೆ ಫರ್ನ್, ನಡುವೆ ಅನುಬಿಯಾಸ್, ಹಿಂದೆ ಫಿಲ್ಟರ್ ಪೈಪ್ ಮುಚ್ಚೋಕೆ ಬಟ್ಟೆ ಗಿಡ... ಅರೆ, ಲೈಟ್ ಆರಿತು. ಟೈಮರ್! ಪೈಪ್ ಮುಚ್ಚೋದು ಬಾಕಿ ಇದೆ, ಟಾರ್ಚ್ ತರ್ತೀನಿ.