ಲೆಕ್ಕದ ಪುಸ್ತಕಕ್ಕೆ ಇಳಿಯದ ನಾಣ್ಯ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಒಂದು ದೇಶದ ಅಧಿಕೃತ ನಾಣ್ಯದ ಜಾಗಕ್ಕೆ ಕ್ರಿಪ್ಟೊ ಕರೆನ್ಸಿ, ಅಂದರೆ ಯಾವ ಸರಕಾರವೂ ಹೊರಡಿಸದೆ ಕಂಪ್ಯೂಟರ್ ಜಾಲದ ಮೇಲೆ ನಡೆಯುವ ಹಣ, ಬಂದರೆ ಏನಾದೀತು ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ಕೇಳುವಾಗ ಇದು ಬರೀ ಊಹೆಯ ಪ್ರಶ್ನೆ ಅನಿಸುತ್ತದೆ. ಆದರೆ ಒಂದು ದೇಶ ಇದನ್ನು ಕಾನೂನು ಮಾಡಿಯೇ ನೋಡಿದೆ, ಮೂರೂವರೆ ವರ್ಷ ನಡೆಸಿದೆ, ಆಮೇಲೆ ಅರ್ಧ ದಾರಿಯಲ್ಲಿ ಹಿಂದೆ ಸರಿದಿದೆ. ಹಾಗಾಗಿ ಊಹೆಗೆ ಹೋಗುವ ಮೊದಲು ನಡೆದದ್ದನ್ನು ನೋಡೋಣ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ನಮ್ಮ ಕರ್ನಾಟಕದ ಒಂಬತ್ತರಲ್ಲಿ ಒಂದು ಪಾಲಿನಷ್ಟು ವಿಸ್ತೀರ್ಣದ ಪುಟ್ಟ ದೇಶ. ಅದಕ್ಕೆ ಕೊಲೋನ್ ಎಂಬ ಸ್ವಂತ ನಾಣ್ಯವಿತ್ತು. 2001ರ ಜನವರಿಯಲ್ಲಿ ಒಂದು ಡಾಲರಿಗೆ 8.75 ಕೊಲೋನ್ ಎಂದು ದರ ಕಟ್ಟಿ, ಅಮೆರಿಕದ ಡಾಲರನ್ನೇ ತನ್ನ ಹಣವನ್ನಾಗಿ ಮಾಡಿಕೊಂಡಿತು. ಅಂದರೆ ಕ್ರಿಪ್ಟೊಗಳಲ್ಲಿ ಮೊದಲನೆಯದಾದ ಬಿಟ್‌ಕಾಯಿನ್ ಬರುವ ಹೊತ್ತಿಗೆ ಆ ದೇಶದ ಕೈಯಲ್ಲಿ ಸ್ವಂತ ನಾಣ್ಯ ಇರಲೇ ಇಲ್ಲ. ಬೇರೆಯವರ ನಾಣ್ಯದ ಪಕ್ಕಕ್ಕೆ, ಯಾರದ್ದೂ ಅಲ್ಲದ ಇನ್ನೊಂದನ್ನು ತಂದು ಕೂರಿಸಿತು, ಅಷ್ಟೆ. 2021ರ ಜೂನ್‌ನಲ್ಲಿ 84 ಸದಸ್ಯರ ಶಾಸನಸಭೆ 62 ಮತಗಳಿಂದ ಬಿಟ್‌ಕಾಯಿನ್ ಕಾನೂನನ್ನು ಅಂಗೀಕರಿಸಿತು, ಸೆಪ್ಟೆಂಬರ್ 7ರಂದು ಅದು ಜಾರಿಗೆ ಬಂತು.

ಆ ಕಾನೂನು ಎರಡು ಮೂರು ಪುಟ ಮೀರುವುದಿಲ್ಲ. ಅದರಲ್ಲಿ ಎರಡು ವಿಧಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಏಳನೆಯ ವಿಧಿ, ಸರಕು ಅಥವಾ ಸೇವೆ ಮಾರುವ ಪ್ರತಿಯೊಬ್ಬನೂ ಗಿರಾಕಿ ಬಿಟ್‌ಕಾಯಿನ್ ಕೊಟ್ಟರೆ ತೆಗೆದುಕೊಳ್ಳಲೇಬೇಕು ಎನ್ನುತ್ತಿತ್ತು. ಅದಕ್ಕೂ ಹಿಂದಿನ ಆರನೆಯ ವಿಧಿ, ಲೆಕ್ಕಪತ್ರದ ಮಟ್ಟಿಗೆ ಡಾಲರನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು ಎನ್ನುತ್ತಿತ್ತು. ಪತ್ರಿಕೆಗಳು ಏಳನೆಯ ವಿಧಿಯ ಬಗ್ಗೆ ಬಹಳ ಬರೆದವು. ನನಗೆ ಮುಖ್ಯವಾಗಿ ಕಾಣುವುದು ಆರನೆಯದು. ಅಂಗಡಿಗೆ ಬಂದ ಬಿಟ್‌ಕಾಯಿನನ್ನು ಬೇಡ ಅನ್ನುವಂತಿರಲಿಲ್ಲ, ಆದರೆ ಅಂಗಡಿಯ ಖಾತೆ ಪುಸ್ತಕದಲ್ಲಿ ಅದನ್ನು ಡಾಲರಿನಲ್ಲಿ ಬರೆಯಬೇಕಿತ್ತು. ಇದನ್ನು ನಾಣ್ಯವೆಂದು ಸಾರಿದ ಕಾನೂನೇ ಇದರಲ್ಲಿ ಲೆಕ್ಕ ಇಡಲು ಹೆದರಿತ್ತು.

ಲೆಕ್ಕದ ಹಣ ಬೇರೆ, ಕೈಯಲ್ಲಿ ಓಡಾಡುವ ಹಣ ಬೇರೆ ಎಂಬುದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಕಂಠೀರಾಯಿ ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಬಹುಕಾಲ ಚಲಾವಣೆಯಲ್ಲಿತ್ತು. ಅಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಸ್ವಾರಸ್ಯ ಏನೆಂದರೆ ಆ ವರಹ ಎಂಬ ನಾಣ್ಯವನ್ನು ಯಾರೂ ಟಂಕಿಸಲಿಲ್ಲ. ಅದು ಕಡತದಲ್ಲಿ ಮಾತ್ರ ಇತ್ತು, ಲೆಕ್ಕಪತ್ರಗಳು ಅದರಲ್ಲೇ ನಡೆಯುತ್ತಿದ್ದವು. ಬಿಟ್‌ಕಾಯಿನ್‌ನ ಕಥೆ ಇದಕ್ಕೆ ತಿರುಗುಮುರುಗು: ನಾಣ್ಯ ಇದೆ, ಅದರಲ್ಲಿ ಲೆಕ್ಕ ಬರೆಯುವವರು ಇಲ್ಲ. ಸಾಲ, ಸಂಬಳ, ಬಾಡಿಗೆ, ಕಂದಾಯ ಈ ನಾಲ್ಕೂ ಯಾವುದರಲ್ಲಿ ಬರೆಯಲ್ಪಡುತ್ತವೆಯೋ ಅದೇ ಒಂದು ದೇಶದ ಹಣ ಎಂಬುದು ನನ್ನ ಒಟ್ಟು ವಾದ. ಹಾಗೆ ನೋಡಿದರೆ ಸಾಲ್ವಡಾರಿನಲ್ಲಿ ಬದಲಾವಣೆ ನಡೆಯಲೇ ಇಲ್ಲ.

ಏನು ನಡೆಯಿತು ಎಂಬುದನ್ನು ಹತ್ತಿರದಿಂದ ನೋಡಿ. ಸರಕಾರ ‘ಚಿವೊ’ ಎಂಬ ಮೊಬೈಲ್ ವಾಲೆಟ್ ಬಿಡುಗಡೆ ಮಾಡಿತು. ಚಿವೊ ಎಂದರೆ ಸ್ಪ್ಯಾನಿಷ್‌ನಲ್ಲಿ ಹೋತ. ಅಲ್ಲಿನ ಹುಡುಗರ ಆಡುಮಾತಿನಲ್ಲಿ ‘ಸೂಪರ್’ ಎಂಬ ಅರ್ಥವೂ ಇದೆಯಂತೆ. ಅದನ್ನು ಡೌನ್‌ಲೋಡ್ ಮಾಡಿಕೊಂಡ ಪ್ರತಿಯೊಬ್ಬ ನಾಗರಿಕನಿಗೆ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಉಚಿತ. ಬಿಟ್‌ಕಾಯಿನ್ ಬೇಡವೆಂದವರು ತಕ್ಷಣ ಡಾಲರಿಗೆ ಬದಲಿಸಿಕೊಳ್ಳಲಿ ಎಂದು ಸರಕಾರ 15 ಕೋಟಿ ಡಾಲರಿನ ನಿಧಿಯನ್ನು ಪಕ್ಕಕ್ಕೆ ತೆಗೆದಿಟ್ಟಿತು. ಜಾರಿಯಾದ ದಿನವೇ ಬಿಟ್‌ಕಾಯಿನ್ ಬೆಲೆ 52 ಸಾವಿರ ಡಾಲರಿನ ಆಸುಪಾಸಿನಿಂದ ಒಂದು ಹಂತದಲ್ಲಿ 43 ಸಾವಿರಕ್ಕೆ ಇಳಿಯಿತು. ತಮ್ಮ ಗುರುತಿನ ಸಂಖ್ಯೆಯಲ್ಲಿ ಯಾರೋ ಮೊದಲೇ ಖಾತೆ ತೆರೆದು 30 ಡಾಲರ್ ಎತ್ತಿಕೊಂಡಿದ್ದಾರೆಂದು ದೂರು ಕೊಟ್ಟವರೂ ಇದ್ದರು. ಆಮೇಲೆ ಅರ್ಥಶಾಸ್ತ್ರಜ್ಞರು 1,800 ಮನೆಗಳಿಗೆ ಹೋಗಿ ವಿಚಾರಿಸಿದಾಗ ತಿಳಿದದ್ದು, ಹೆಚ್ಚಿನವರು ವಾಲೆಟ್ ಹಾಕಿಕೊಂಡದ್ದು ಆ 30 ಡಾಲರಿಗಾಗಿ, ಅದನ್ನು ಖರ್ಚು ಮಾಡಿದ ಮೇಲೆ ಆ ಕಡೆ ತಿರುಗಿ ನೋಡಿದವರು ಕಡಿಮೆ. ಉಚಿತ ಸಿಮ್ ಹಂಚಿದ ಕಾಲವನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಬಿಟ್‌ಕಾಯಿನ್‌ನ ಹಿಂದಿರುವ ತತ್ವ, ನಡುವೆ ಯಾರೂ ಬೇಡ, ಬ್ಯಾಂಕೂ ಬೇಡ, ಸರಕಾರವೂ ಬೇಡ ಎಂಬುದು. ಚಿವೊದಲ್ಲಾದರೋ ಜನರ ನಾಣ್ಯದ ಕೀಲಿ, ಅಂದರೆ ಅದನ್ನು ಖರ್ಚು ಮಾಡಲು ಬೇಕಾದ ಗುಪ್ತ ಸಂಕೇತ, ಇದ್ದದ್ದು ವಾಲೆಟ್ ನಡೆಸುವ ಸರಕಾರಿ ಕಂಪನಿಯ ಬಳಿ. ಯಾರ ಹಂಗೂ ಇಲ್ಲದ ಹಣ ಚಿವೊ ಬಳಸಿದವರ ಕೈಗೆ ಬಂದದ್ದು ಸರಕಾರದ ಬಾಗಿಲಿನಿಂದ.

ಅಮೆರಿಕದಲ್ಲಿ ದುಡಿಯುವ ಸಾಲ್ವಡಾರಿನವರು ಊರಿಗೆ ಕಳುಹಿಸುವ ದುಡ್ಡು ಆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲಿಗೂ ಮಿಗಿಲು. ಅದರ ಮೇಲಿನ ಕಮಿಷನ್ ಉಳಿಯುತ್ತದೆ ಎಂಬುದು ಅಧ್ಯಕ್ಷ ನಯೀಬ್ ಬುಕೆಲೆ ಅವರ ದೊಡ್ಡ ವಾದವಾಗಿತ್ತು. ಕೊಲ್ಲಿ ದೇಶಗಳಿಂದ ಮನೆಗೆ ಹಣ ಕಳುಹಿಸುವ ನಮ್ಮ ಕರಾವಳಿಯವರಿಗೆ ಈ ವಾದದ ತೂಕ ಗೊತ್ತು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಹೀಗೆ ಬಂದ ಹಣದಲ್ಲಿ ಕ್ರಿಪ್ಟೊ ವಾಲೆಟ್ ಮೂಲಕ ಬಂದದ್ದು ನೂರಕ್ಕೆ ಒಂದೆರಡು ಡಾಲರ್ ಮಾತ್ರ. ಕೊಡುವವನ ಸಂಬಳ ಡಾಲರಿನಲ್ಲಿ, ತಾಯಿ ಕಟ್ಟಬೇಕಾದ ಕರೆಂಟ್ ಬಿಲ್ಲೂ ಡಾಲರಿನಲ್ಲಿ. ನಡುವೆ ಎರಡು ಸಲ ಬದಲಾಯಿಸುವ ಉಸಾಬರಿ ಯಾರಿಗೆ ಬೇಕು?

2024ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯೊಂದಿಗೆ 140 ಕೋಟಿ ಡಾಲರ್ ಸಾಲದ ಒಪ್ಪಂದ ಕುದುರಿತು. ಅದರ ಷರತ್ತಿನಂತೆ 2025ರ ಜನವರಿಯಲ್ಲಿ ಕಾನೂನು ತಿದ್ದುಪಡಿಯಾಗಿ, ಬಿಟ್‌ಕಾಯಿನ್ ತೆಗೆದುಕೊಳ್ಳುವುದು ಬಿಡುವುದು ಅಂಗಡಿಯವನ ಇಷ್ಟ ಎಂದಾಯಿತು. ತೆರಿಗೆಯನ್ನು ಅದರಲ್ಲಿ ಕಟ್ಟುವ ಅವಕಾಶವೂ ಹೋಯಿತು. ಆಫ್ರಿಕಾದ ಮಧ್ಯ ಆಫ್ರಿಕಾ ಗಣರಾಜ್ಯ 2022ರ ಏಪ್ರಿಲ್‌ನಲ್ಲಿ ಇದೇ ದಾರಿ ಹಿಡಿದು ಒಂದು ವರ್ಷದೊಳಗೆ ಬಿಟ್ಟುಕೊಟ್ಟಿತು. ಜನಸಂಖ್ಯೆಯ ಬಹುಪಾಲಿಗೆ ವಿದ್ಯುತ್ತೇ ಇಲ್ಲದ ದೇಶ ಅದು; ಹೆಚ್ಚು ಹೇಳುವ ಅಗತ್ಯವಿಲ್ಲ. ಬುಕೆಲೆ ಸರಕಾರ ಕೊಂಡಿಟ್ಟ ಬಿಟ್‌ಕಾಯಿನ್‌ಗಳ ಬೆಲೆ ಮುಂದೆ ಚೆನ್ನಾಗಿ ಏರಿತಲ್ಲ ಎಂದು ನೀವು ಕೇಳಬಹುದು. ಏರಿತು, ನಿಜ. ಆದರೆ ಅದು ಹೂಡಿಕೆದಾರನ ಗೆಲುವು. ಚಿನಿವಾರ ಪೇಟೆಯಲ್ಲಿ ಬಂಗಾರದ ಬೆಲೆ ಏರಿದ ಮಾತ್ರಕ್ಕೆ ನಾವು ತರಕಾರಿ ತರಲು ಉಂಗುರ ಹಿಡಿದು ಹೋಗುವುದಿಲ್ಲ.

ಈಗ ಊಹೆಗೆ ಬರೋಣ. ಒಂದು ದೇಶ ಆ ಆರನೆಯ ವಿಧಿಯನ್ನೂ ಅಳಿಸಿ, ಲೆಕ್ಕವನ್ನೇ ಬಿಟ್‌ಕಾಯಿನ್‌ನಲ್ಲಿ ಬರೆಯಲು ಹೊರಟಿತೆಂದು ಇಟ್ಟುಕೊಳ್ಳಿ. ತಿಪಟೂರು ಕಡೆಯ ಒಬ್ಬ ತೆಂಗು ಬೆಳೆಗಾರ ಹನಿ ನೀರಾವರಿಗೆಂದು 2022ರ ನವೆಂಬರ್‌ನಲ್ಲಿ ಸಹಕಾರ ಸಂಘದಿಂದ ಒಂದು ಬಿಟ್‌ಕಾಯಿನ್‌ನ ಹತ್ತನೇ ಒಂದು ಭಾಗವನ್ನು ಸಾಲ ಪಡೆದಿದ್ದಾನೆ ಎಂದುಕೊಳ್ಳೋಣ. ಅಂದಿನ ದರದಲ್ಲಿ ಅದು ಸುಮಾರು 1,650 ಡಾಲರ್, ಅಂದರೆ 1 ಲಕ್ಷ 35 ಸಾವಿರ ರೂಪಾಯಿ. 2024ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ 1 ಲಕ್ಷ ಡಾಲರ್ ದಾಟಿತು. ಬಡ್ಡಿಯ ಮಾತು ಪಕ್ಕಕ್ಕಿರಲಿ, ಅಸಲೇ ಎಂಟೂ ಕಾಲು ಲಕ್ಷ ದಾಟಿತು! ತೆಂಗಿನಕಾಯಿ ಬೆಲೆ ಆರು ಪಟ್ಟು ಆಗಲಿಲ್ಲ. ಅದೇ 2021ರ ನವೆಂಬರ್‌ನಲ್ಲಿ, ಬೆಲೆ 69 ಸಾವಿರ ಡಾಲರ್ ಮುಟ್ಟಿದ್ದಾಗ, ಶಾಲೆಯ ಮೇಷ್ಟ್ರ ಸಂಬಳವನ್ನು ಬಿಟ್‌ಕಾಯಿನ್‌ನಲ್ಲಿ ಗೊತ್ತುಮಾಡಿದ್ದರೆ ಒಂದು ವರ್ಷದಲ್ಲಿ ಅದು ಕಾಲುಭಾಗಕ್ಕೆ ಇಳಿಯುತ್ತಿತ್ತು. ಬೆಲೆ ಏರಿದರೆ ಸಾಲಗಾರ ಮುಳುಗುತ್ತಾನೆ, ಇಳಿದರೆ ಸಂಬಳದವನು ಮುಳುಗುತ್ತಾನೆ.

ಇಡೀ ದೇಶವೇ ಬಳಸತೊಡಗಿದರೆ ಈ ಏರಿಳಿತ ತಣ್ಣಗಾಗುತ್ತದೆ ಎಂದು ಅದರ ಸಮರ್ಥಕರು ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆದೀತು, ಒಪ್ಪೋಣ. ಆದರೆ ಏರಿಳಿತಕ್ಕಿಂತ ಆಳದ ತೊಡಕು ಪೂರೈಕೆಯಲ್ಲಿದೆ. ಬಿಟ್‌ಕಾಯಿನ್‌ಗಳ ಒಟ್ಟು ಮಿತಿ 2 ಕೋಟಿ 10 ಲಕ್ಷ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸದು ಹುಟ್ಟುತ್ತದೆ. 2024ರ ಏಪ್ರಿಲ್‌ನಿಂದ ಹಾಗೆ ಹುಟ್ಟುವುದು ಪ್ರತಿ ಸಲ 3.125, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದೂ ಅರ್ಧವಾಗುತ್ತದೆ. ಆ ಯಂತ್ರಕ್ಕೆ ಸುಗ್ಗಿ ಗೊತ್ತಿಲ್ಲ, ದೀಪಾವಳಿ ಗೊತ್ತಿಲ್ಲ, ಬರಗಾಲವೂ ಗೊತ್ತಿಲ್ಲ. ನಮ್ಮಲ್ಲಿ ಕೊಯ್ಲಿನ ಹೊತ್ತಿಗೆ, ಹಬ್ಬದ ಹೊತ್ತಿಗೆ ನಗದಿನ ಬೇಡಿಕೆ ಏರುತ್ತದೆ, ರಿಸರ್ವ್ ಬ್ಯಾಂಕ್ ಅದಕ್ಕೆ ತಕ್ಕಂತೆ ಒದಗಿಸುತ್ತದೆ. ವಹಿವಾಟು ಬೆಳೆಯುತ್ತಾ ಹಣ ಬೆಳೆಯದೆ ಹೋದರೆ ಸರಕಿನ ಬೆಲೆ ಕುಸಿಯುತ್ತಾ ಹೋಗುತ್ತದೆ, ಸಾಲದ ಭಾರ ಮಾತ್ರ ಹಾಗೇ ಉಳಿಯುತ್ತದೆ.

ಇದನ್ನು ನಾವು ಒಮ್ಮೆ ಉಂಡಿದ್ದೇವೆ. 1927ರಲ್ಲಿ ಬ್ರಿಟಿಷ್ ಸರಕಾರ ರೂಪಾಯಿಯನ್ನು 1 ಷಿಲಿಂಗ್ 6 ಪೆನ್ಸ್‌ಗೆ ಕಟ್ಟಿಹಾಕಿತು. 1929ರ ಮಹಾ ಕುಸಿತ ಬಂದಾಗ ಕೃಷಿ ಉತ್ಪನ್ನಗಳ ಬೆಲೆ ಕೆಲವೇ ವರ್ಷಗಳಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು, ಕಂದಾಯ ಮತ್ತು ಸಾಹುಕಾರನ ಪತ್ರ ಅಷ್ಟಕ್ಕಷ್ಟೇ ಉಳಿದವು. ರೂಪಾಯಿಯ ದರವನ್ನು ಸಡಿಲಿಸುವ ಅಧಿಕಾರ ಈ ದೇಶದವರಿಗೆ ಇರಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತಾನು, ಪೌಂಡನ್ನು ಚಿನ್ನಕ್ಕೆ ಬಿಗಿದಿದ್ದ ಕಟ್ಟಿನಿಂದ ಬಿಡಿಸಿಕೊಂಡಿತು; ರೂಪಾಯಿಯನ್ನು ಪೌಂಡಿನ ಬಾಲಕ್ಕೇ ಬಿಟ್ಟಿತು. ಸಾಲ, ಕಂದಾಯ ತೀರಿಸಲು ಮಾರಿದ ಹಳ್ಳಿಯ ಹೆಂಗಸರ ಬಳೆ, ಸರ, ಡಾಬುಗಳು ಕರಗಿ ಗಟ್ಟಿಯಾಗಿ ಮುಂಬಯಿಯಿಂದ ಹಡಗು ಹತ್ತಿದವು. ಹಣದ ಹಗ್ಗ ಪರರ ಕೈಯಲ್ಲಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಗುವುದಿಲ್ಲ. ಬಿಟ್‌ಕಾಯಿನ್‌ನಲ್ಲಾದರೆ ಹೋಗಿ ಅರ್ಜಿ ಕೊಡಲು ಲಂಡನ್ನಿನ ಕಚೇರಿಯೂ ಇರುವುದಿಲ್ಲ.

ಬ್ಯಾಂಕಿನ ಮಾತೂ ಇದಕ್ಕೇ ಸೇರಿದ್ದು. ನಮ್ಮಲ್ಲಿ ಬ್ಯಾಂಕ್ ಮುಳುಗಿದರೆ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ, ಅದರ ಹಿಂದೆ ನೋಟು ಮುದ್ರಿಸಬಲ್ಲ ಸಂಸ್ಥೆ ಇದೆ. ಬಿಟ್‌ಕಾಯಿನ್ ಠೇವಣಿಗೆ ವಿಮೆ ಕೊಡಬೇಕಾದರೆ ಬಿಟ್‌ಕಾಯಿನನ್ನು ಎಲ್ಲಿಂದ ತರಬೇಕು? ಕ್ರಿಪ್ಟೊ ವಿನಿಮಯ ಕಂಪನಿ ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ದಿವಾಳಿಯಾದಾಗ ಗ್ರಾಹಕರನ್ನು ತಕ್ಷಣ ಎತ್ತಿಹಿಡಿಯುವವರು ಯಾರೂ ಇರಲಿಲ್ಲ. ವೇಗದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಬಿಟ್‌ಕಾಯಿನ್‌ನ ಮೂಲ ಜಾಲ ಸೆಕೆಂಡಿಗೆ ಸುಮಾರು ಏಳು ವಹಿವಾಟು ತಡೆದುಕೊಳ್ಳುತ್ತದೆ. ನಮ್ಮ ಯುಪಿಐ 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಸಾವಿರ ಕೋಟಿ ವಹಿವಾಟು ದಾಟಿತು, ಸರಾಸರಿ ಸೆಕೆಂಡಿಗೆ ಮೂರೂವರೆ ಸಾವಿರಕ್ಕಿಂತ ಹೆಚ್ಚು. ಮೂಲ ಜಾಲದ ಮೇಲೆ ಕಟ್ಟಿದ ಲೈಟ್ನಿಂಗ್ ಎಂಬ ಇನ್ನೊಂದು ಪದರ ಇದಕ್ಕೆ ಉತ್ತರ ಕೊಡಲು ನೋಡುತ್ತಿದೆ.

ಹಾಗೆಂದು ಸರಕಾರದ ಹಣಕ್ಕೆ ನಾನು ಮಂಗಳಾರತಿ ಎತ್ತಲು ಬಂದಿಲ್ಲ. ಜಿಂಬಾಬ್ವೆಯಲ್ಲಿ ನೋಟಿನ ಸೊನ್ನೆಗಳನ್ನು ಎಣಿಸಿ ಜನ ಸುಸ್ತಾದರು. 2016ರ ನವೆಂಬರ್ 8ರ ರಾತ್ರಿ, ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ 86 ಭಾಗ ಒಂದು ಭಾಷಣದಿಂದ ಕಾಗದವಾದಾಗ, ಮರುವಾರ ಮೂರೂವರೆ ಗಂಟೆ ಸಾಲಿನಲ್ಲಿ ನಿಂತು ನಾಲ್ಕು ಸಾವಿರ ಬದಲಿಸಿಕೊಂಡವರಲ್ಲಿ ನಾನೂ ಒಬ್ಬ. ಅಂಥ ದಿನಗಳಲ್ಲಿ ಯಾರ ಅಪ್ಪಣೆಗೂ ಕಾಯದ ಹಣವೊಂದು ಇರಬಾರದೇ ಅನಿಸುವುದು ಸಹಜ. ಆ ಅನಿಸಿಕೆಯಿಂದಲೇ ಕ್ರಿಪ್ಟೊಗೆ ಪ್ರಾಮಾಣಿಕ ಅಭಿಮಾನಿಗಳು ಹುಟ್ಟಿದ್ದಾರೆ, ಅವರೆಲ್ಲರೂ ಜೂಜುಕೋರರಲ್ಲ.

ನಮ್ಮ ದೇಶದ ನಿಲುವು ಸದ್ಯಕ್ಕೆ ಎಡಬಿಡಂಗಿ. 2018ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ಬಂಧದ ಸುತ್ತೋಲೆಯನ್ನು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2022ರಿಂದ ಲಾಭದ ಮೇಲೆ ಶೇ 30 ತೆರಿಗೆ ಬಂತು. ನಿಷೇಧವಿಲ್ಲ, ಹಣವೆಂಬ ಮಾನ್ಯತೆಯೂ ಇಲ್ಲ, ತೆರಿಗೆಯಂತೂ ಇದೆ. ಅದೇ ವರ್ಷದ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕೇ ಹೊರಡಿಸುವ ಡಿಜಿಟಲ್ ಹಣವಾದ, ಜನಬಳಕೆಯ ಇ-ರೂಪಾಯಿಯ ಪ್ರಯೋಗ ನಾಲ್ಕು ನಗರಗಳಲ್ಲಿ ಶುರುವಾಯಿತು, ಬೆಂಗಳೂರು ಅವುಗಳಲ್ಲಿ ಒಂದು.

ಬಿಟ್‌ಕಾಯಿನ್ ರೂಪಾಯಿಯನ್ನು ಎಬ್ಬಿಸಿ ತಾನು ಕೂರುತ್ತದೆ ಎಂಬ ಭಯ ನನಗಿಲ್ಲ. ನಾನು ಗಮನ ಇಟ್ಟು ನೋಡುತ್ತಿರುವುದು ಡಾಲರಿಗೆ ಗಂಟು ಹಾಕಿದ ಸ್ಟೇಬಲ್‌ಕಾಯಿನ್‌ಗಳನ್ನು, ಅಂದರೆ ಬೆಲೆ ಒಂದು ಡಾಲರಿನ ಆಸುಪಾಸಿನಲ್ಲೇ ನಿಲ್ಲುವಂತೆ ಕಟ್ಟಿದ ಕ್ರಿಪ್ಟೊಗಳನ್ನು. ಅವುಗಳಿಗೆ ಅಮೆರಿಕ 2025ರ ಜುಲೈನಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಅರ್ಜೆಂಟೀನಾ, ನೈಜೀರಿಯಾಗಳಲ್ಲಿ ಜನ ಸ್ವಂತ ನಾಣ್ಯದ ಮೇಲಿನ ಭರವಸೆ ಕಳೆದುಕೊಂಡು ಅವುಗಳ ಮೊರೆ ಹೋಗುತ್ತಿದ್ದಾರೆ. ಇವುಗಳಲ್ಲಿ ಬೆಲೆಯ ಕುಣಿತ ಕಡಿಮೆ ಇರುವುದರಿಂದ ಲೆಕ್ಕ ಬರೆಯಲು ಅಷ್ಟು ತೊಡಕಿಲ್ಲ. ಸಾಲ್ವಡಾರ್ ಕಾನೂನು ಮಾಡಿ 2001ರಲ್ಲಿ ಒಪ್ಪಿಕೊಂಡ ಡಾಲರು ಇಲ್ಲಿ ಶಾಸನಸಭೆಯ ಮೆಟ್ಟಿಲು ಹತ್ತದೆಯೇ ಮೊಬೈಲಿನೊಳಗೆ ಬಂದು ಕೂರಬಹುದು.

ನನ್ನ ಪರಿಚಯದ ಹುಡುಗನೊಬ್ಬ ಬೆಂಗಳೂರಿನಲ್ಲಿದ್ದುಕೊಂಡು ಹೊರದೇಶದ ಕಂಪನಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾನೆ. ಸಂಭಾವನೆಯನ್ನು ಸ್ಟೇಬಲ್‌ಕಾಯಿನ್‌ನಲ್ಲಿ ತೆಗೆದುಕೊಳ್ಳುತ್ತೀಯಾ ಎಂದು ಅವರು ಕೇಳಿದ್ದಾರಂತೆ. “ತಗೋಬಹುದಾ ಸಾರ್?” ಎಂದು ನನ್ನನ್ನು ವಿಚಾರಿಸಿದ. ನಿನ್ನ ಮನೆ ಬಾಡಿಗೆ ಎಷ್ಟಪ್ಪಾ ಎಂದೆ. “ಇಪ್ಪತ್ತೆರಡು ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ” ಎಂದ. ಯಾವ ಹಣದಲ್ಲಿ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಮನೆ ಮಾಲೀಕರು ಅಡ್ವಾನ್ಸನ್ನು ಇಷ್ಟು ಕಾಯಿನ್ ಎಂದು ಹೇಳುವ ದಿನ ಬಂದರೆ, ದಯವಿಟ್ಟು ನನ್ನನ್ನು ಇನ್ನೊಮ್ಮೆ ಕರೆಯಿರಿ, ಈ ಉಪನ್ಯಾಸವನ್ನು ಬೇರೆ ಥರ ಮಾಡುತ್ತೇನೆ. ನಮಸ್ಕಾರ.