ಇಟ್ಟಿಗೆ ಹಿಡಿದ ಕೈ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡೋದು ಜೆರ್ರಿ ರೈಸ್ ಬಗ್ಗೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೈಡ್ ರಿಸೀವರ್ ಅಂತ ಇರ್ತಾರೆ, ಕ್ವಾರ್ಟರ್‌ಬ್ಯಾಕ್ ದೂರದಿಂದ ಎಸೆಯೋ ಬಾಲನ್ನ ಓಡ್ತಾ ಓಡ್ತಾನೇ ಹಿಡೀಬೇಕು, ಅದೂ ಮೈಮೇಲೆ ಬಿದ್ದು ಕೆಡವೋಕೆ ಕಾಯ್ತಿರೋರ ಮಧ್ಯೆ. ಆ ಕೆಲಸದಲ್ಲಿ ಇವನಷ್ಟು ದೊಡ್ಡೋನು ಇನ್ನೊಬ್ಬ ಬಂದಿಲ್ಲ ಅಂತ ನಾನಂತೂ ನಂಬಿದೀನಿ.

ಊರು ಮಿಸಿಸಿಪ್ಪಿ ರಾಜ್ಯದ ಕ್ರಾಫರ್ಡ್, ಪುಟ್ಟ ಹಳ್ಳಿ. ಅಪ್ಪ ಗಾರೆ ಮೇಸ್ತ್ರಿ. ಬೇಸಿಗೆ ಬಂತು ಅಂದ್ರೆ ಮಕ್ಕಳೂ ಕೆಲಸಕ್ಕೆ ಹೋಗ್ಬೇಕು, ಅಣ್ಣತಮ್ಮಂದಿರು ಕೆಳಗಿಂದ ಇಟ್ಟಿಗೆ ಎಸೆಯೋರು, ಇವನು ಸಾರ್ವೆ ಮೇಲೆ ನಿಂತು ಹಿಡಿಯೋನು. ಆ ಬಿಸಿಲು, ಆ ಒರಟು ಇಟ್ಟಿಗೆ, ಕೈ ಏನಾಗಿರ್ಬೇಡ ನೀವೇ ಯೋಚನೆ ಮಾಡಿ. ಫುಟ್‌ಬಾಲಿಗೆ ಬಂದಿದ್ದೂ ಒಂದು ಕಥೆನೇ. ಹೈಸ್ಕೂಲಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದಿದ್ದಾಗ ವೈಸ್ ಪ್ರಿನ್ಸಿಪಾಲ್ ಹಿಂದಿಂದ ಬಂದ್ರು, ಹುಡುಗ ಹೆದ್ರಿ ಓಟ ಕಿತ್ತ, ಆ ಓಟ ನೋಡಿದ ಅವ್ರು ಹೋಗಿ ಫುಟ್‌ಬಾಲ್ ಕೋಚ್‌ಗೆ ಹೇಳಿದ್ರು.

ಆಮೇಲೆ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್, ದೊಡ್ಡ ಹೆಸರಿನ ಕಾಲೇಜೇನಲ್ಲ. ಅಲ್ಲಿ 1984ರ ಒಂದೇ ಸೀಸನ್‌ನಲ್ಲಿ 27 ಟಚ್‌ಡೌನ್, ಅಂದ್ರೆ ಎದುರಾಳಿಯ ಕೊನೇ ಗೆರೆ ದಾಟಿ ಅಂಕ ತರೋ ಕ್ಯಾಚ್, ಹಿಡಿದ. ಆದ್ರೂ ಸ್ಟಾಪ್‌ವಾಚ್ ಹಿಡಿದು ಅಳೆಯೋರಿಗೆ ಇವನ ಸ್ಪೀಡ್ ಸಾಲ್ತಿರ್ಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಕೋಚ್ ಬಿಲ್ ವಾಲ್ಷ್ ಮಾತ್ರ ಬಿಡ್ಲಿಲ್ಲ, 1985ರ ಡ್ರಾಫ್ಟ್‌ನಲ್ಲಿ, ಅಂದ್ರೆ ಪ್ರೊಫೆಷನಲ್ ಟೀಮ್‌ಗಳು ಕಾಲೇಜು ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋವಾಗ, ಬೇರೆ ಟೀಮ್ ಜೊತೆ ಅದಲುಬದಲು ಮಾಡ್ಕೊಂಡು 16ನೇ ಆಯ್ಕೆಯಾಗಿ ತಗೊಂಡ್ರು.

ಮೊದಲನೇ ವರ್ಷ ಬಾಲ್ ಕೈಗೆ ಬರೋದು ಜಾರೋದು, ಬರೋದು ಜಾರೋದು. ಸ್ವಂತ ಟೀಮಿನ ಪ್ರೇಕ್ಷಕರೇ ಕೂಗಾಡಿದ್ರು. ಇಟ್ಟಿಗೆ ಬಿಡದೆ ಹಿಡಿದೋನಿಗೆ ಇದೆಂಥ ಸಂಕಟ ಆಗಿರ್ಬೇಕು! ಆದ್ರೆ ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ಟೀಮ್ ವಿರುದ್ಧ 10 ಕ್ಯಾಚ್, ಅವುಗಳಿಂದ ಟೀಮ್ ಮುಂದೆ ಸಾಗಿದ್ದು 241 ಗಜ. ಮ್ಯಾಚ್ ಸೋತ್ರು, ಆದ್ರೆ ಹುಡುಗ ಗೆದ್ದ. ಮುಂದೆ 1987ರಲ್ಲಿ ಆಟಗಾರರ ಮುಷ್ಕರದಿಂದ ಬರೀ 12 ಮ್ಯಾಚ್ ಆಡಿ 22 ಟಚ್‌ಡೌನ್, 1989ರ ಜನವರಿಯ ಸೂಪರ್ ಬೌಲ್‌ನಲ್ಲಿ, ಅಂದ್ರೆ ಲೀಗಿನ ಫೈನಲ್‌ನಲ್ಲಿ, 215 ಗಜ ಗಳಿಸಿ ಪಂದ್ಯದ ಶ್ರೇಷ್ಠ ಆಟಗಾರ, ಒಟ್ಟು ಮೂರು ಸೂಪರ್ ಬೌಲ್ ಗೆಲುವು.

ಸೀಸನ್ ಮುಗಿದ್ಮೇಲೆ ಬೇರೆಯೋರು ರೆಸ್ಟ್ ತಗೊಂಡ್ರೆ ಇವನು ಸ್ಯಾನ್ ಕಾರ್ಲೋಸ್ ಕಡೆ ಒಂದು ಗುಡ್ಡದ ದಾರಿಲಿ ಎರಡೂವರೆ ಮೈಲಿ ಏರು ಓಡೋನು. ಜೊತೆಗೆ ಓಡೋಕೆ ಬಂದ ಪ್ರೊಫೆಷನಲ್ ಆಟಗಾರರೇ ಸುಸ್ತಾಗಿ ವಾಂತಿ ಮಾಡ್ಕೊಂಡಿದ್ದುಂಟು.

1997ರ ಮೊದಲ ಮ್ಯಾಚಲ್ಲೇ ಮಂಡಿ ಲಿಗಮೆಂಟ್ ಹರೀತು. ಡಿಸೆಂಬರ್‌ಗೆ ವಾಪಸ್ ಬಂದೇಬಿಟ್ಟ, ಟಚ್‌ಡೌನ್ ಹಿಡಿದ, ಕೆಳಗೆ ಬಿದ್ದಾಗ ಅದೇ ಕಾಲಿನ ಮಂಡಿಚಿಪ್ಪು ಬಿರುಕು ಬಿಡ್ತು. ಅಷ್ಟು ಅವಸರ ಬೇಕಿರ್ಲಿಲ್ಲ ಅಂತ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ. ಮಾರನೇ ವರ್ಷ ಮತ್ತೆ ಸಾವಿರ ಗಜ ದಾಟಿದ, ಬಿಡಿ. ಆಮೇಲೆ ಓಕ್‌ಲ್ಯಾಂಡ್ ಟೀಮಿಗೆ ಹೋಗಿ 40 ತುಂಬಿದ ಸೀಸನ್‌ನಲ್ಲೂ 1,211 ಗಜ ಹೊಡೆದ.

ಒಟ್ಟು 20 ಸೀಸನ್, 1,549 ಕ್ಯಾಚ್, 22,895 ಗಜ, ಅಂದ್ರೆ ಹತ್ತತ್ರ 21 ಕಿಲೋಮೀಟರ್, ಒಂದೊಂದು ಹೆಜ್ಜೆನೂ ಯಾರೋ ತಡೀತಿದ್ದಾಗ ಇಟ್ಟಿದ್ದು.

2006ರಲ್ಲಿ ಫಾರ್ಟಿನೈನರ್ಸ್ ಆಟಗಾರನಾಗೇ ನಿವೃತ್ತಿ ಆಗ್ಲಿ ಅಂತ ಟೀಮಿನೋರು ಹಳೇ ಹುಡುಗನ್ನ ಕರೆದು ಒಂದು ಕರಾರು ಮಾಡಿಸಿದ್ರು. ಮೊತ್ತ 19,85,806 ಡಾಲರ್ 49 ಸೆಂಟ್. ಬಂದ ವರ್ಷ 1985, ಜೆರ್ಸಿ ನಂಬರ್ 80, ಹೊರಟ ವರ್ಷ 06, ಕೊನೇಲಿ ಟೀಮಿನ ಹೆಸರಲ್ಲೇ ಇರೋ 49. ದುಡ್ಡೇನೂ ಕೊಡೋದಿರ್ಲಿಲ್ಲ, ಬರೀ ಪ್ರೀತಿಗೆ ಬರೆದ ಸಂಖ್ಯೆ ಅದು. ನಮಸ್ಕಾರ.