ಕೈ ತಾಗುವ ಕಡೆ ಬಣ್ಣ ಸವೆಯುತ್ತದೆ

ಕೇಳುಗರಿಗೆ ನಮಸ್ಕಾರ.

ಹಳೆಯ ಕುರ್ಚಿಗೆ ಹೊಸ ಬಣ್ಣ ಬಳಿಯುವುದು, ಒಣಗಿದ ಮೇಲೆ, ಬಳಸಿ ಬಳಸಿ ಸವೆದ ಹಾಗೆ ಕಾಣಲಿ ಅಂತ ಅದೇ ಬಣ್ಣವನ್ನು ಅಲ್ಲಲ್ಲಿ ಉಜ್ಜಿ ತೆಗೆಯುವುದು. ಇವತ್ತು ನಾನು ಮಾತಾಡಲಿರುವುದು ಈ ಕೆಲಸದ ಬಗ್ಗೆ. ಮೊದಲ ಸಲ ನಾನು ಹೀಗೆ ಕೂತು ಉಜ್ಜುತ್ತಿದ್ದಾಗ ನಮ್ಮ ದೊಡ್ಡಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಬಳಿಯೋದೂ ನೀನೇ, ಕೆರೆಯೋದೂ ನೀನೇ. ಬೇರೆ ಕೆಲಸ ಇಲ್ವೇನೋ?" ಅಂದರು. ಆ ಕುರ್ಚಿ ನೋಡಿದ್ದರೆ ನೀವೂ ಅವರ ಪಕ್ಷವನ್ನೇ ಹಿಡಿಯುತ್ತಿದ್ದಿರಿ.

ಆಗಿದ್ದೇನು ಅಂದರೆ, ನಾನು ಎಲ್ಲ ಅಂಚುಗಳನ್ನೂ ಒಂದೇ ಸಮ ಉಜ್ಜಿದ್ದೆ. ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದ ಹಾಗೆ ಬಿಳಿ ಕುರ್ಚಿಯ ಸುತ್ತ ಕಂದು ಗೆರೆ. ಅಷ್ಟು ಸಾಲದು ಅಂತ ಹಿಂಗಾಲಿನ ನಡುವೆಯೂ ನಾಲ್ಕು ಕಡೆ ಕೆರೆದಿದ್ದೆ. ಕುರ್ಚಿ ಹಳೆಯದಾಗಿ ಕಾಣಲಿಲ್ಲ. ಹೊಸ ಕುರ್ಚಿಯನ್ನು ಇಲಿ ಕಡಿದ ಹಾಗಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ ಡಿಸ್ಟ್ರೆಸ್ಸಿಂಗ್ ಅನ್ನುತ್ತಾರೆ. ನಾನು ಸವೆಸುವುದು ಅಂತಲೇ ಕರೆಯುತ್ತೇನೆ. ಈ ಮಾಸಲು ಚೆಂದಕ್ಕೆ ದೊಡ್ಡ ಹೆಸರು ಬಂದಿದ್ದು 1989ರಿಂದೀಚೆಗೆ. ಆ ವರ್ಷ ರೇಚೆಲ್ ಆಶ್‌ವೆಲ್ ಅನ್ನುವವರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಶ್ಯಾಬಿ ಶಿಕ್ ಅನ್ನುವ ಅಂಗಡಿ ತೆರೆದರು. ಮರುವರ್ಷ, 1990ರಲ್ಲಿ, ಇಂಗ್ಲೆಂಡಿನ ಆ್ಯನಿ ಸ್ಲೋನ್ ಚಾಕ್ ಪೇಂಟ್ ತಂದರು. ಹೊಳಪಿಲ್ಲದ, ಸೀಮೆಸುಣ್ಣದಂಥ ಬಣ್ಣ ಅದು. ಉಜ್ಜಿದರೆ ಸಲೀಸಾಗಿ ಬರುತ್ತದೆ. ಮನೆಯಲ್ಲಿ ಕೂತು ಈ ಕೆಲಸ ಮಾಡುವವರು ಹೆಚ್ಚಿದ್ದಕ್ಕೆ ಅದೂ ಒಂದು ಕಾರಣ.

ಸರಿ, ನನ್ನ ಕುರ್ಚಿಗೆ ಬರೋಣ. ಅದನ್ನು ಒಂದು ವಾರ ಮೂಲೆಗೆ ತಳ್ಳಿಬಿಟ್ಟೆ. ಆ ವಾರ ಮನೆಯಲ್ಲಿ ನಿಜವಾಗಿ ಸವೆದ ವಸ್ತುಗಳನ್ನು ಹುಡುಕಿಕೊಂಡು ಓಡಾಡಿದೆ. ನೀವೂ ಸ್ಯಾಂಡ್ ಪೇಪರ್ ಮುಟ್ಟುವ ಮೊದಲು ಇದನ್ನು ಮಾಡಿ. ನಮ್ಮಲ್ಲಿ ಒಂದು ಹಳೆಯ ಮೇಜಿದೆ, ಡ್ರಾಯರ್ ಇರುವಂಥದ್ದು. ಅದರ ಹಿಡಿಯ ಕೆಳಗೆ ಅರ್ಧ ಚಂದ್ರನ ಹಾಗೆ ಬಣ್ಣ ಹೋಗಿದೆ. ಯಾಕೆ? ಎಳೆಯುವಾಗ ಬೆರಳುಗಳ ಹಿಂಭಾಗ ಅಲ್ಲಿ ಉಜ್ಜುತ್ತದೆ. ಹಿಡಿಯ ಮೇಲ್ಗಡೆ ಬಣ್ಣ ಹಾಗೇ ಇದೆ. ಮೇಜಿನ ಮುಂದಿನ ಅಂಚು ನಡುವೆ ಸವೆದಿದೆ, ಬರೆಯುವವರ ಮುಂಗೈ ಊರುವ ಕಡೆ. ಹಿಂದಿನ ಅಂಚು ಗೋಡೆಗೆ ಆತುಕೊಂಡಿರುತ್ತದೆ, ಅಲ್ಲಿ ಏನೂ ಆಗಿಲ್ಲ. ಇನ್ನೊಂದು ಹಳೆಯ ಕುರ್ಚಿಯಲ್ಲಿ ಮುಂಗಾಲುಗಳ ನಡುವಿನ ಅಡ್ಡಪಟ್ಟಿ ನೋಡಿದೆ. ಪಾದ ಇಟ್ಟು ಇಟ್ಟು ಬಣ್ಣ ಹೋಗಿದ್ದಷ್ಟೇ ಅಲ್ಲ, ಮರವೇ ಸ್ವಲ್ಪ ತಗ್ಗಾಗಿತ್ತು. ಬೆರಳಾಡಿಸಿದರೆ ಆ ತಗ್ಗು ಗೊತ್ತಾಗುತ್ತದೆ. ಹಿಂಗಾಲಿನಲ್ಲಿ ಏನೂ ಇಲ್ಲ. ತೀರಾ ಕೆಳಗೆ, ಪೊರಕೆ ಬಡಿಯುವ ಎತ್ತರಕ್ಕೆ, ಒಂದಿಷ್ಟು ಬಣ್ಣ ಕಿತ್ತಿತ್ತು ಅಷ್ಟೇ.

ನನ್ನ ತಪ್ಪು ಅಲ್ಲೇ ಗೊತ್ತಾಯಿತು. ಕೈ, ಕಾಲು, ಪೊರಕೆ ಯಾವುದೂ ತಾಗದ ಕಡೆ ನಾನು ಸವೆಸಿದ್ದೆ.

ಎರಡನೇ ಸಲ ಬಳಿಯುವ ಮೊದಲು ಒಂದಿಷ್ಟು ಪರೀಕ್ಷೆ ಮಾಡಿದೆ. ಮೊದಲ ಪ್ರಶ್ನೆ, ಇದಕ್ಕೆ ಬಣ್ಣ ಬೇಕಾ? ಒಳ್ಳೆಯ ಮರ, ಒಳ್ಳೆಯ ಕೆತ್ತನೆ, ಹಳೆಯ ಪಾಲಿಶ್ ಇನ್ನೂ ಗಟ್ಟಿಯಾಗಿದೆ ಅಂದರೆ ದಯವಿಟ್ಟು ಮುಟ್ಟಬೇಡಿ. ಒರೆಸಿ, ಮೇಣ ಹಚ್ಚಿ ಇಟ್ಟುಕೊಳ್ಳಿ. ಬೆಲೆಬಾಳುವ ಹಳೆಯ ಪೀಠೋಪಕರಣಕ್ಕೆ ಬಣ್ಣ ಬಳಿದು ಅದರ ಬೆಲೆ ಕಳೆದವರು ಬೇಕಾದಷ್ಟು ಜನ ಇದ್ದಾರೆ. ನನ್ನದು ಸಾದಾ ಕುರ್ಚಿ, ಒಂದು ಕಾಲಿಗೆ ಬೇರೆ ಮರ ಜೋಡಿಸಿದ್ದು. ಹಾಗಾಗಿ ಧೈರ್ಯ ಮಾಡಿದೆ.

ಎರಡನೆಯದು ಸ್ವಲ್ಪ ಗಂಭೀರ. ಮರದ ಮೇಲೆ ಈಗಾಗಲೇ ತುಂಬಾ ಹಳೆಯ ಬಣ್ಣ ಇದ್ದರೆ ಅದರಲ್ಲಿ ಸೀಸ ಇರಬಹುದು. ಹಿಂದೆ ಬಣ್ಣ ಗಟ್ಟಿಯಾಗಲಿ, ಬೇಗ ಒಣಗಲಿ ಅಂತ ಸೀಸ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಅಂಥ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಧೂಳು ಉಸಿರಿನೊಳಗೆ ಹೋಗುತ್ತದೆ, ನೆಲದ ಮೇಲೆ ಕೂರುತ್ತದೆ, ಅಲ್ಲಿಂದ ಮಕ್ಕಳ ಕೈಗೆ, ಬಾಯಿಗೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ವಾಪಸ್ ಸರಿಹೋಗುವಂಥದ್ದಲ್ಲ. ಸಂಶಯ ಬಂದರೆ ಪರೀಕ್ಷೆ ಮಾಡಿಸಿ, ಇಲ್ಲವಾದರೆ ಆ ವಸ್ತುವನ್ನು ಬಿಟ್ಟುಬಿಡಿ. ಬೇರೆ ಕುರ್ಚಿ ಸಿಗುತ್ತದೆ. ಸಂಶಯವಿಲ್ಲದ ಕಡೆಯೂ ಧೂಳಿನ ಮಾಸ್ಕ್ ಹಾಕಿಕೊಂಡೇ ಉಜ್ಜಿ. ಆಗಾಗ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ.

ವೆನೀರ್, ಅಂದರೆ ಒಳ್ಳೆಯ ಮರದ ತೆಳು ಹಾಳೆ, ಅಂಟಿಸಿದ ಹಲಗೆಯಾದರೆ ಕೈ ಹಗುರವಾಗಿರಲಿ. ಆ ಮರದ ಪದರ ಎಷ್ಟೋ ಸಲ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅಂಚಿನಲ್ಲಿ ಜೋರಾಗಿ ಉಜ್ಜಿದರೆ ಒಳಗಿನ ಹಲಗೆ ಇಣುಕುತ್ತದೆ. ಅದನ್ನು ಸವೆತ ಅಂತ ಯಾರೂ ನಂಬುವುದಿಲ್ಲ.

ಕುರ್ಚಿಯನ್ನು ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಣಗಿದ ಮೇಲೆ 180 ನಂಬರಿನ ಸ್ಯಾಂಡ್ ಪೇಪರಿನಿಂದ ಹಳೆಯ ಹೊಳಪು ಮುರಿಯುವಷ್ಟು ಉಜ್ಜಿದೆ. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ, ಅದು ನೆನಪಿರಲಿ. ಇನ್ನೊಂದು ತೊಂದರೆ ಇದೆ. ತೇಗ, ಮಹಾಗನಿಯಂಥ ಮರಗಳಲ್ಲಿ ಟ್ಯಾನಿನ್ ಅನ್ನುವ, ಕಲೆ ಬಿಡುವ ಅಂಶ ಇರುತ್ತದೆ. ಬಿಳಿ ಬಳಿದು ರಾತ್ರಿ ಮಲಗಿದರೆ ಬೆಳಗ್ಗೆ ಹಳದಿ ಕಲೆಯೋ ಗುಲಾಬಿ ಕಲೆಯೋ ಎದ್ದಿರುತ್ತದೆ. ಮೇಲೆ ಎಷ್ಟು ಕೋಟ್ ಬಳಿದರೂ ಮತ್ತೆ ಬರುತ್ತದೆ. ಇದನ್ನು ತಡೆಯುವುದು ಅರಗು. ಹೌದು, ಅದೇ ಅರಗಿನ ಹುಳುವಿನಿಂದ ಬರುವ ಅರಗು. ಸ್ಪಿರಿಟ್‌ನಲ್ಲಿ ಕರಗಿಸಿ ಒಂದು ಕೋಟ್ ಹೊಡೆದು ಒಣಗಿಸಿದರೆ ಕಲೆ ಮೇಲೆ ಬರುವುದಿಲ್ಲ.

ಈಗ ನನಗೆ ಇಷ್ಟವಾದ ಭಾಗ. ಕೆಳಗೆ ಕಡು ಬಣ್ಣ, ಮೇಲೆ ತಿಳಿ ಬಣ್ಣ. ನಾನು ಕೆಳಗೆ ಕಡು ಹಸಿರು ಬಳಿದೆ. ಅದು ಪೂರ್ತಿ ಒಣಗಿದ ಮೇಲೆ ಮೇಣದ ಬತ್ತಿ ತೆಗೆದುಕೊಂಡು, ಎಲ್ಲೆಲ್ಲಿ ಸವೆಯಬೇಕೋ ಅಲ್ಲಲ್ಲಿ ಮಾತ್ರ ಉಜ್ಜಿದೆ. ಅಡ್ಡಪಟ್ಟಿಯ ನಡುವೆ. ಕೂರುವ ಹಲಗೆಯ ಮುಂದಿನ ಅಂಚಿನಲ್ಲಿ, ತೊಡೆ ತಾಗುವ ಎರಡು ಕಡೆ. ಬೆನ್ನಿನ ಮೇಲ್ಪಟ್ಟಿಯಲ್ಲಿ, ಕುರ್ಚಿ ಎಳೆಯಲು ಕೈ ಹಾಕುವ ಜಾಗದಲ್ಲಿ. ಇದರ ಮೇಲೆ ಕೆನೆಬಿಳಿ ಬಳಿದೆ. ಮೇಣ ಇದ್ದ ಕಡೆ ಬಿಳಿ ಸರಿಯಾಗಿ ಅಂಟುವುದಿಲ್ಲ. ಒಣಗಿದ ಮೇಲೆ ಪುಟ್ಟಿ ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಸಿಪ್ಪೆ ಎದ್ದ ಹಾಗೆ ಎದ್ದು ಬರುತ್ತದೆ, ಕೆಳಗಿನ ಹಸಿರು ಕಾಣುತ್ತದೆ. ಆ ಸಿಪ್ಪೆಯ ಅಂಚು ಅಂಕುಡೊಂಕಾಗಿರುತ್ತದೆ. ಕೈಯಿಂದ ಎಷ್ಟು ಜಾಣತನದಿಂದ ಉಜ್ಜಿದರೂ ಆ ಅಂಚು ಬರುವುದಿಲ್ಲ.

ಆಮೇಲೆ 220ರ ಪೇಪರಿನಿಂದ ಸ್ವಲ್ಪವೇ ಉಜ್ಜಿ ಒಂದಾಗಿಸಬೇಕು. ಬಾನುಲಿಯಲ್ಲಿ ಬಣ್ಣ ತೋರಿಸಲು ಆಗುವುದಿಲ್ಲ, ಆದರೆ ಸದ್ದಿನ ಬಗ್ಗೆ ಹೇಳಬಹುದು. ಹೊಸ ಪೇಪರ್ ಸರ್ ಸರ್ ಅನ್ನುತ್ತದೆ. ಬಣ್ಣದ ಪುಡಿ ತುಂಬಿಕೊಂಡ ಮೇಲೆ ಸದ್ದು ಮಂಕಾಗುತ್ತದೆ. ಆಗ ಪೇಪರ್ ಕೊಡವಿ, ಇಲ್ಲವೇ ಬದಲಾಯಿಸಿ. ಸುಮ್ನೆ ಜೋರಾಗಿ ಒತ್ತಬೇಡಿ. ನೀರಿನ ಬಣ್ಣವಾದರೆ, ಇನ್ನೂ ಪೂರ್ತಿ ಗಟ್ಟಿಯಾಗುವ ಮುಂಚೆ ಒದ್ದೆ ಬಟ್ಟೆಯಲ್ಲೇ ಉಜ್ಜಿ ತೆಗೆಯಬಹುದು. ಧೂಳೇ ಇಲ್ಲ. ಚಾಕ್ ಪೇಂಟಿಗೆ ಈ ದಾರಿ ಚೆನ್ನಾಗಿ ಒಗ್ಗುತ್ತದೆ.

ಬಿರುಕು ಬೇಕು ಅನ್ನುವವರೂ ಇದ್ದಾರೆ. ಮರಗೆಲಸದ ಬಿಳಿ ಗೋಂದನ್ನು ಬಳಿದು, ಅದು ಇನ್ನೂ ಅಂಟಂಟಾಗಿರುವಾಗಲೇ ಮೇಲೆ ನೀರಿನ ಬಣ್ಣ ಬಳಿದರೆ ಒಣಗುತ್ತಾ ಬಿರುಕು ಬಿಡುತ್ತದೆ. ಬ್ರಷ್ ಒಂದೇ ಸಲ ಎಳೆಯಬೇಕು, ಮತ್ತೆ ಮೇಲೆ ಆಡಿಸಬಾರದು. ನನಗೇನೋ ಬಿರುಕು ಜಾಸ್ತಿ ನಾಟಕ ಅನ್ನಿಸುತ್ತದೆ. ಸರಪಳಿಯಿಂದ ಬಡಿದು ಗುಂಡಿ ಮಾಡುವುದು, ದಬ್ಬಳದಿಂದ ಹುಳು ಕೊರೆದ ತೂತು ಮಾಡುವುದು, ಅದೂ ಅಷ್ಟೇ. ನಿಜವಾದ ಹುಳುವೇ ಬಂದು ಕೂತೀತು ಅನ್ನುವ ಭಯ ನನಗೆ.

ಕೊನೆಯ ಕೋಟ್ ಮೇಣದ್ದು. ಮೊದಲು ಬಣ್ಣವಿಲ್ಲದ ಮೇಣ, ಆಮೇಲೆ ಬೇಕಿದ್ದರೆ ಕಂದು ಮೇಣ. ಕಂದು ಮೇಣವನ್ನು ನೇರವಾಗಿ ಬಿಳಿಯ ಮೇಲೆ ಹಚ್ಚಿದರೆ ಬಣ್ಣ ಹೀರಿಕೊಂಡು ಕೊಳಕಾಗುತ್ತದೆ, ವಾಪಸ್ ತೆಗೆಯುವುದು ಕಷ್ಟ. ಮೇಣದ ಬದಲು ವಾರ್ನಿಷ್ ಹೊಡೆಯುವವರು ಮೊದಲೇ ತೀರ್ಮಾನ ಮಾಡಿ. ಮೇಣದ ಮೇಲೆ ವಾರ್ನಿಷ್ ನಿಲ್ಲುವುದಿಲ್ಲ. ಎಣ್ಣೆಯ ವಾರ್ನಿಷ್ ಬಿಳಿಯ ಮೇಲೆ ಕಾಲಕ್ರಮದಲ್ಲಿ ಹಳದಿಯಾಗುತ್ತದೆ.

ಒಂದು ಮಾತು ಮರೆಯಬಾರದು. ಅಗಸೆ ಎಣ್ಣೆ ಅಥವಾ ಅದು ಬೆರೆತ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಹೊರಗೆ ಹೋಗಲಾರದೆ, ಯಾರೂ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಬಣ್ಣ ಮುಟ್ಟಿದರೆ ಒಂದೆರಡು ಗಂಟೆಯಲ್ಲಿ ಒಣಗಿದ ಹಾಗೆ ಇರುತ್ತದೆ. ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಭಾರದ್ದು ಏನನ್ನೂ ಇಡಬೇಡಿ. ನಾನು ಮೂರು ವಾರ ಕಾದೆ. ಕುರ್ಚಿ ಹೊರಗೆ ಬಂದ ದಿನ ದೊಡ್ಡಮ್ಮ ಏನೂ ಹೇಳಲಿಲ್ಲ. ಅದರಲ್ಲೇ ಕೂತರು, ಅಡ್ಡಪಟ್ಟಿಯ ಮೇಲೆ ಪಾದ ಇಟ್ಟರು. ನಾನು ಬಗ್ಗಿ ನೋಡಿದೆ. ನಾನು ಮೇಣ ಹಚ್ಚಿ ಸವೆಸಿದ್ದ ಜಾಗಕ್ಕಿಂತ ಎರಡು ಬೆರಳು ಎಡಕ್ಕೆ ಇತ್ತು ಅವರ ಪಾದ.

ನಮಸ್ಕಾರ.